ಹುಲ್ಲು ಕತ್ತರಿಸುವ ಹಣ ಯಾರ ಕೈ ಸೇರುತ್ತದೆ?

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)

ಈ ಸಂಜೆ ನಾವು ಆರಿಸಿಕೊಂಡಿರುವ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಅಮೆರಿಕದ ನಗರಗಳಲ್ಲಿ ಮನೆಯ ಒಡೆಯರು ತಮ್ಮ ಅಂಗಳದ ಹುಲ್ಲನ್ನು ಕತ್ತರಿಸುವುದಕ್ಕೆ ಎಷ್ಟು ಹಣ ಕೊಡುತ್ತಾರೆ, ಆ ಹಣ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದೇ ಆ ವಿಷಯ. ಬೋನಸ್ಸಿನ ಮಾತು, ದಿನಸಿಯ ಬೆಲೆಯ ಮಾತು ಬಿಟ್ಟು ಇದೇನು ಹುಲ್ಲಿನ ಮಾತು ಎಂದು ನೀವು ಕೇಳಿದರೆ ತಪ್ಪಲ್ಲ. ಆದರೆ ದೂರದ ಊರಿನ ಲೆಕ್ಕವನ್ನು ನೋಡುವಾಗ ನಮಗೆ ರಾಗವೂ ಇರುವುದಿಲ್ಲ, ದ್ವೇಷವೂ ಇರುವುದಿಲ್ಲ. ಕಣ್ಣು ತಿಳಿಯಾಗಿರುತ್ತದೆ. ಅಲ್ಲಿ ಕಂಡದ್ದನ್ನು ಇಲ್ಲಿಗೆ ತಂದು ಹೋಲಿಸಿಕೊಳ್ಳುವ ಕೆಲಸ ನಿಮ್ಮದು.

ನಮ್ಮ ಕಡೆ ಹುಲ್ಲು ಎಂದರೆ ದನದ ಮೇವು. ಹೊಲದ ಬದುವಿನಲ್ಲಿ ಕುಡುಗೋಲು ಹಿಡಿದು ಕೊಯ್ದು, ಹೊರೆ ಕಟ್ಟಿ ತಂದು ಮಾರಿದರೆ ಹುಲ್ಲು ಕೊಂಡವನು ಹಣ ಕೊಡುತ್ತಾನೆ. ಅಲ್ಲಿ ಹಾಗಲ್ಲ. ಮನೆಯವನು ಬೀಜ ಹಾಕಿ, ಗೊಬ್ಬರ ಕೊಟ್ಟು, ನೀರು ಹಾಯಿಸಿ ಹುಲ್ಲನ್ನು ಬೆಳೆಸುತ್ತಾನೆ. ಬೆಳೆದ ಮೇಲೆ ಕತ್ತರಿಸುವುದಕ್ಕೆ ಮತ್ತೊಬ್ಬನಿಗೆ ಹಣ ಕೊಡುತ್ತಾನೆ. ಕತ್ತರಿಸಿದ ಹುಲ್ಲನ್ನು ಯಾವ ದನವೂ ತಿನ್ನುವುದಿಲ್ಲ. ಸಾಧಾರಣ ಅಳತೆಯ ಒಂದು ಮನೆಯ ಹುಲ್ಲನ್ನು ಒಂದು ಸಲ ಕತ್ತರಿಸುವುದಕ್ಕೆ ಅಲ್ಲಿಯ ನಗರಗಳಲ್ಲಿ ಈಗ 40ರಿಂದ 60 ಡಾಲರುಗಳವರೆಗೆ ಕೊಡುವುದು ವಾಡಿಕೆ. ಅಂಗಳ ದೊಡ್ಡದಾದರೆ, ಇಳಿಜಾರಾದರೆ, ಬೇಲಿ ಗಿಡ ಸವರುವ ಕೆಲಸವೂ ಸೇರಿದರೆ ಇನ್ನೂ ಹೆಚ್ಚು. ಚಳಿ ಬೀಳುವ ಊರುಗಳಲ್ಲಿ ವಸಂತದಿಂದ ಅಕ್ಟೋಬರದವರೆಗೆ ವಾರಕ್ಕೊಮ್ಮೆ ಈ ಕೆಲಸ. ಲಾಸ್ ಏಂಜಲೀಸ್‌ನಂಥ ಬೆಚ್ಚಗಿನ ಊರಿನಲ್ಲಿ ವರ್ಷವಿಡೀ.

ಡಾಲರನ್ನು ರೂಪಾಯಿಗೆ ತಿರುಗಿಸಿ ಬೆರಗಾಗುವುದು ಬೇಡ. ಅಲ್ಲಿ ಸಂಪಾದಿಸಿದವನು ಅಲ್ಲಿಯೇ ಬಾಡಿಗೆ ಕಟ್ಟಬೇಕು, ಅಲ್ಲಿಯೇ ರೊಟ್ಟಿ ಕೊಳ್ಳಬೇಕು. ಆದ್ದರಿಂದ ಕೂಲಿಯನ್ನು ಕೂಲಿಯ ಜೊತೆಗೇ ತೂಗಬೇಕು. ಅಮೆರಿಕದ ಕಾರ್ಮಿಕ ಇಲಾಖೆಯ ಲೆಕ್ಕದಂತೆ 2023ರಲ್ಲಿ ಹುಲ್ಲು, ಗಿಡ ನೋಡಿಕೊಳ್ಳುವ ಕೆಲಸಗಾರರ ನಡುಮಟ್ಟದ ಕೂಲಿ ಗಂಟೆಗೆ ಸುಮಾರು 18 ಡಾಲರು. ಇಂಥ ಸಂಬಳದ ಕೆಲಸಗಾರರೇ ಸುಮಾರು 9 ಲಕ್ಷ ಮಂದಿ. ಸ್ವಂತವಾಗಿ ದುಡಿಯುವವರು ಈ ಲೆಕ್ಕದಲ್ಲಿಲ್ಲ. ಮನೆಯವನು 45 ಡಾಲರು ಕೊಟ್ಟನೆಂದರೆ ಅದು ಅಂಥ ಕೆಲಸಗಾರನ ಎರಡೂವರೆ ಗಂಟೆಯ ಕೂಲಿ. ಆದರೆ ಹುಲ್ಲು ಕತ್ತರಿಸಿ ಮುಗಿಯುವುದು ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ. ಹಾಗಾದರೆ ಮಿಕ್ಕ ಹಣ ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಬರುವ ಮೊದಲು ಈ ಹುಲ್ಲುಹಾಸು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ.

ಮೊದಲು ಇದು ಇಂಗ್ಲೆಂಡಿನ ಜಮೀನುದಾರರ ಮನೆಯ ಮುಂದಿನ ಬೆಡಗು. ಉಳುವ ನೆಲವನ್ನು ಉಳದೆ, ಬೆಳೆ ತೆಗೆಯದೆ, ಬರೀ ನೋಡುವುದಕ್ಕೆ ಬಿಡಬಲ್ಲೆ ಎಂದು ತೋರಿಸುವ ಶ್ರೀಮಂತಿಕೆ. ಕುರಿಗಳು ಮೇಯ್ದು, ಆಳುಗಳು ಉದ್ದ ಹಿಡಿಯ ಕುಡುಗೋಲು ಬೀಸಿ ಅದನ್ನು ಸಮ ಮಾಡುತ್ತಿದ್ದರು. 1830ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ಷೈರಿನ ಸ್ಟ್ರೌಡ್ ಎಂಬ ಊರಿನ ಬಳಿ ಎಡ್ವಿನ್ ಬಡ್ಡಿಂಗ್ ಎಂಬ ಕಸುಬುದಾರನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಗಿರಣಿಯಲ್ಲಿ ದುಡಿಯುವ ನೀವು ಒಂದು ಸಂಗತಿಯನ್ನು ತಿಳಿಯಬೇಕು: ಈ ಯಂತ್ರದ ಕಲ್ಪನೆ ಅವನಿಗೆ ಬಂದದ್ದು ಬಟ್ಟೆಯ ಗಿರಣಿಯಲ್ಲಿ. ಉಣ್ಣೆಯ ಬಟ್ಟೆಯ ಮೈಮೇಲೆ ಎದ್ದು ನಿಂತ ಎಳೆಗಳನ್ನು ಸಮನಾಗಿ ಕತ್ತರಿಸುವುದಕ್ಕೆ ಅಲ್ಲಿ ಸುತ್ತುವ ಅಲಗುಗಳ ಯಂತ್ರವೊಂದು ಇತ್ತು. ಬಟ್ಟೆಯನ್ನು ಕತ್ತರಿಸುವ ಅಲಗು ನೆಲವನ್ನೇಕೆ ಕತ್ತರಿಸಬಾರದು ಎಂದು ಅವನು ಯೋಚಿಸಿದನು. ಇಂದು ಅಮೆರಿಕದ ಬೀದಿಗಳಲ್ಲಿ ಗರ್ಜಿಸುವ ಯಂತ್ರಗಳ ಮೂಲಪುರುಷ ಹೀಗೆ ಗಿರಣಿಯ ಹೊಟ್ಟೆಯಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲು, 1812ರಲ್ಲಿ, ಅದೇ ದೇಶದ ಯಾರ್ಕ್‌ಷೈರಿನಲ್ಲಿ ದೊಡ್ಡ ಕತ್ತರಿ ಹಿಡಿದು ಬಟ್ಟೆಯನ್ನು ಸಮ ಮಾಡುತ್ತಿದ್ದ ಕಸುಬುದಾರರು ತಮ್ಮ ಅನ್ನ ಕಸಿಯಲು ಬಂದ ಕತ್ತರಿ ಯಂತ್ರಗಳನ್ನು ರಾತ್ರಿಯ ಹೊತ್ತು ಒಡೆದು ಹಾಕಿದ್ದರು. ಯಂತ್ರ ಬಂದಾಗಲೆಲ್ಲ ಅದರ ಖರ್ಚನ್ನು ಯಾರು ಹೊರಬೇಕು ಎಂಬ ಜಗಳವೂ ಜೊತೆಯಲ್ಲೇ ಬಂದಿದೆ. ಈ ಮಾತನ್ನು ನೆನಪಿನಲ್ಲಿಡಿ. ಮತ್ತೆ ಇದಕ್ಕೆ ಬರುತ್ತೇವೆ.

ಜಮೀನುದಾರನ ಬೆಡಗು ಸಾಮಾನ್ಯನ ಕರ್ತವ್ಯವಾದದ್ದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಿಂದ, ನ್ಯೂಯಾರ್ಕಿನ ಹತ್ತಿರ ಲೆವಿಟ್‌ಟೌನ್ ಎಂಬ ಬಡಾವಣೆ ಎದ್ದಿತು. ಒಂದೇ ಅಚ್ಚಿನ ಸಾವಿರಾರು ಮನೆಗಳು; ಪ್ರತಿಯೊಂದರ ಮುಂದೂ ಹುಲ್ಲು. ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕೆಂಬ ಕಟ್ಟಳೆ. ಮನೆಯವನು ಕತ್ತರಿಸದಿದ್ದರೆ ಕಂಪನಿಯೇ ಆಳನ್ನು ಕಳುಹಿಸಿ ಕತ್ತರಿಸಿ ಬಿಲ್ಲು ಕಳುಹಿಸುತ್ತಿತ್ತು. ಅದೇ ಬಡಾವಣೆಯಲ್ಲಿ ಕರಿಯರಿಗೆ ಮನೆ ಕೊಡುವುದಿಲ್ಲವೆಂಬ ನಿಯಮವೂ ಇತ್ತೆಂಬುದನ್ನು ಮರೆಯಬಾರದು. ಹುಲ್ಲಿನ ಎತ್ತರಕ್ಕೊಂದು ಕಟ್ಟಳೆ, ಮನುಷ್ಯನ ಬಣ್ಣಕ್ಕೊಂದು ಕಟ್ಟಳೆ!

ಇಂದಿಗೂ ಅನೇಕ ಊರುಗಳ ಪುರಸಭೆಗಳು ಹುಲ್ಲು ಇಷ್ಟು ಅಂಗುಲಕ್ಕಿಂತ ಎತ್ತರ ಬೆಳೆಯಕೂಡದೆಂದು ನಿಯಮ ಮಾಡಿವೆ. ಫ್ಲಾರಿಡಾದ ಡನೆಡಿನ್ ಎಂಬ ಊರಿನಲ್ಲಿ 2018ರಲ್ಲಿ ಮನೆಯೊಡೆಯನೊಬ್ಬ ಊರಿನಲ್ಲಿಲ್ಲದಾಗ ಹುಲ್ಲು ಬೆಳೆದುದಕ್ಕೆ ದಿನಕ್ಕೆ 500 ಡಾಲರಿನಂತೆ ದಂಡ ಏರುತ್ತ ಹೋಗಿ ಸುಮಾರು 30,000 ಡಾಲರು ಆಯಿತು. ಹೀಗಾಗಿ ಹುಲ್ಲು ಕತ್ತರಿಸುವವನಿಗೆ ಕೊಡುವ ಹಣ ಬರೀ ಶೋಕಿಯ ಹಣವಲ್ಲ. ಎಷ್ಟೋ ಕಡೆ ಅದು ದಂಡ ತಪ್ಪಿಸಿಕೊಳ್ಳುವ ಹಣವೂ ಹೌದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಬೆನ್ನು ಬಗ್ಗದ ಮುದುಕಿಯೊಬ್ಬಳೇ ಇರುವ ಮನೆ ಇವೂ ಕೊಡಲೇಬೇಕು. ಹಣ ಕೊಡುವವರೆಲ್ಲ ಕೋಟ್ಯಧೀಶರೆಂದು ನಾವು ತಿಳಿಯಬಾರದು.

ಈ ಹುಲ್ಲಿನ ವಿಸ್ತಾರವೆಷ್ಟು? 2005ರಲ್ಲಿ ವಿಜ್ಞಾನಿಗಳು ಉಪಗ್ರಹದ ಚಿತ್ರಗಳನ್ನೂ ಆಕಾಶದಿಂದ ತೆಗೆದ ಚಿತ್ರಗಳನ್ನೂ ಇಟ್ಟುಕೊಂಡು ಒಂದು ಅಂದಾಜು ಮಾಡಿದರು. ಮನೆಗಳ ಅಂಗಳ, ಉದ್ಯಾನ, ಗಾಲ್ಫ್ ಆಟದ ಬಯಲು ಎಲ್ಲ ಸೇರಿ ಸುಮಾರು 1,63,800 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು. ಬೀದರದಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಇರುವ ನೆಲದ ಆರರಲ್ಲಿ ಐದು ಪಾಲಿಗೂ ಮಿಕ್ಕಿ ಬರೀ ಹುಲ್ಲು ಎಂದು ಎಣಿಸಿಕೊಳ್ಳಿ. ಹುಲ್ಲಿಗೂ ಗಿಡಗಳಿಗೂ ಸೇರಿ ದಿನಕ್ಕೆ ಸುಮಾರು 900 ಕೋಟಿ ಗ್ಯಾಲನ್ ನೀರು ಹೋಗುತ್ತದೆಂದೂ, ಅದು ಮನೆಗಳು ಬಳಸುವ ನೀರಿನ ಮೂರನೆಯ ಒಂದು ಪಾಲಿನ ಹತ್ತಿರವೆಂದೂ ಆ ದೇಶದ ಪರಿಸರ ಇಲಾಖೆಯೇ ಹೇಳಿದೆ.

ಇಷ್ಟು ಹುಲ್ಲನ್ನು ಕತ್ತರಿಸುವವರು ಯಾರು? ಲಾಸ್ ಏಂಜಲೀಸ್ ನಗರವನ್ನೇ ನೋಡೋಣ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಲ್ಲಿಯ ಮನೆಗಳ ತೋಟಗಾರರಲ್ಲಿ ಬಹುಮಂದಿ ಜಪಾನಿನಿಂದ ಬಂದವರು. ಅವರು ಒಕ್ಕಲುತನ ಬಲ್ಲವರು. ಆದರೆ ಕ್ಯಾಲಿಫೋರ್ನಿಯಾ ರಾಜ್ಯವು 1913ರಲ್ಲಿ ಅಂಥವರು ಸಾಗುವಳಿ ಭೂಮಿಯನ್ನು ಕೊಳ್ಳಕೂಡದೆಂದು ಕಾನೂನು ಮಾಡಿತು. 1920ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿತು. ಸ್ವಂತ ಭೂಮಿ ಕೂಡದೆಂದಾಗ ಪರರ ಅಂಗಳ ನೋಡಿಕೊಳ್ಳುವ ಕೆಲಸ ಉಳಿಯಿತು. 1942ರಲ್ಲಿ ಯುದ್ಧದ ನೆಪದಲ್ಲಿ ಸುಮಾರು 1,20,000 ಜಪಾನೀ ಮೂಲದವರನ್ನು ಸರ್ಕಾರ ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಯುದ್ಧ ಮುಗಿದು ಹಿಂತಿರುಗಿದಾಗ ಅಂಗಡಿಯಿಲ್ಲ, ಭೂಮಿಯಿಲ್ಲ. ಅನೇಕರು ಮತ್ತೆ ಹುಲ್ಲು ಕತ್ತರಿಸುವ ಯಂತ್ರವನ್ನೇ ಹಿಡಿದರು. ಆದರೆ ಅವರು ಒಬ್ಬೊಬ್ಬರೇ ಉಳಿಯಲಿಲ್ಲ. 1955ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ತೋಟಗಾರರ ಒಕ್ಕೂಟವನ್ನು ಕಟ್ಟಿಕೊಂಡರು. ಸಲಕರಣೆಗಳನ್ನು ಒಟ್ಟಾಗಿ ಕೊಳ್ಳುವ ಏರ್ಪಾಟನ್ನೂ ರೋಗರುಜಿನಕ್ಕೆ ವಿಮೆಯನ್ನೂ ಮಾಡಿಕೊಂಡರು. ಅವರ ಮಕ್ಕಳು ಓದಿ ಬೇರೆ ಕೆಲಸಗಳಿಗೆ ಹೋದರು. ಅವರ ಜಾಗಕ್ಕೆ ಮೆಕ್ಸಿಕೋದಿಂದಲೂ ಮಧ್ಯ ಅಮೆರಿಕದಿಂದಲೂ ಬಂದವರು ಬಂದರು. ಇಂದು ಆ ನಗರದಲ್ಲಿ ಬೆಳಗ್ಗೆ ಹಳೆಯ ಟ್ರಕ್ಕಿನಲ್ಲಿ ಯಂತ್ರಗಳನ್ನೇರಿಸಿಕೊಂಡು ಹೊರಡುವವರು ಹೆಚ್ಚಾಗಿ ಅವರೇ.

ಈಗ ಹಣದ ಲೆಕ್ಕಕ್ಕೆ ಬರೋಣ. ಹಿಂದೆ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸಿದ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಆದ್ದರಿಂದ ಬಾಯಿಲೆಕ್ಕವಾಗಿಯೇ ಮಾಡೋಣ. ಇದು ತಿಳಿಯುವುದಕ್ಕಾಗಿ ಹಾಕಿಕೊಂಡ ಲೆಕ್ಕ; ಒಬ್ಬನ ಖಾತೆಯಿಂದ ತೆಗೆದದ್ದಲ್ಲ. ಒಬ್ಬ ತೋಟಗಾರ, ಅವನಿಗೊಬ್ಬ ಸಹಾಯಕ. ದಿನಕ್ಕೆ ಹತ್ತು ಮನೆ. ಮನೆಗೆ 45 ಡಾಲರಿನಂತೆ 450 ಡಾಲರು ಬಂತು. ಸಹಾಯಕನಿಗೆ ಎಂಟು ಗಂಟೆಗೆ 18ರಂತೆ 144. ಟ್ರಕ್ಕಿಗೂ ಯಂತ್ರಗಳಿಗೂ ಎಣ್ಣೆ 40. ವಿಮೆ, ಲೈಸೆನ್ಸು, ಹುಲ್ಲನ್ನು ಕಸದ ತಾಣಕ್ಕೆ ಹಾಕುವ ಶುಲ್ಕ 35. ಯಂತ್ರದ ಸವಕಳಿ, ರಿಪೇರಿ, ಟ್ರಕ್ಕಿನ ಕಂತು 60. ಒಟ್ಟು 279. ಉಳಿದದ್ದು 171 ಡಾಲರು. ತೋಟಗಾರನು ಸಹಾಯಕನಿಗಿಂತ ಮೊದಲು ಏಳುತ್ತಾನೆ. ಸಂಜೆ ಅಲಗು ಮಸೆದು, ಬಾಕಿ ವಸೂಲಿ ಮಾಡಿ, ಲೆಕ್ಕ ಬರೆದು ಮಲಗುತ್ತಾನೆ. ಹತ್ತು ಗಂಟೆಯೆಂದರೂ ಗಂಟೆಗೆ 17 ಡಾಲರಿನ ಮೇಲೆ ಹತ್ತು ಸೆಂಟು ಬಿತ್ತು. ಯಜಮಾನನೆಂದು ಹೆಸರು ಪಡೆದವನಿಗೆ ತನ್ನ ಆಳಿಗಿಂತ ಕಡಿಮೆ!

ಅಂಗಡಿ ಇಟ್ಟುಕೊಂಡಿರುವ ಸ್ನೇಹಿತರಿಗೆ ಇದು ಹೊಸದಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಸಂಜೆ ಕಂಡ ಹಣವೆಲ್ಲ ಲಾಭವಲ್ಲ. ಅಸಲು, ಬಾಡಿಗೆ, ಉದ್ರಿ ಕಳೆದು ಮನೆಯ ಹೆಂಗಸಿನ ದುಡಿಮೆಯನ್ನೂ ಎಣಿಸಿದರೆ ಎಷ್ಟೋ ದಿನ ಉಳಿಯುವುದು ಕೂಲಿಯೂ ಅಲ್ಲ.

ಈಗ ಮುಖ್ಯವಾದ ಭಾಗ. ಪಕ್ಕದ ಬೀದಿಗೆ ಇನ್ನೊಬ್ಬ ಬಂದು 40 ಡಾಲರಿಗೆ ಮಾಡುತ್ತೇನೆಂದನು. ಮನೆಯವನು ನಮ್ಮ ತೋಟಗಾರನನ್ನು ಕರೆದು, ನೀನೂ 40ಕ್ಕೆ ಮಾಡು, ಇಲ್ಲದಿದ್ದರೆ ಬೇಡ ಎಂದನು. ಮನೆಯವನಿಗೆ ಉಳಿದದ್ದು ಐದು ಡಾಲರು, ಒಂಬತ್ತರಲ್ಲಿ ಒಂದು ಪಾಲು. ಹತ್ತು ಮನೆಯೂ ಹಾಗೆಂದರೆ ತೋಟಗಾರನಿಗೆ ಬರುವುದು 400. ಎಣ್ಣೆಯ ಅಂಗಡಿಯವನು ಬೆಲೆ ಇಳಿಸುವುದಿಲ್ಲ, ವಿಮೆಯವನು ಇಳಿಸುವುದಿಲ್ಲ. ಖರ್ಚು 279 ಹಾಗೆಯೇ ಇದೆ. ಉಳಿದದ್ದು 121. ಗಂಟೆಗೆ ಹನ್ನೆರಡು ಡಾಲರಿನ ಸುಮಾರು. ಅವನ ಪಾಲಿನಲ್ಲಿ ಮೂರನೆಯ ಒಂದು ಭಾಗದ ಹತ್ತಿರ ಹೋಯಿತು. ಲಾಸ್ ಏಂಜಲೀಸ್ ನಗರದಲ್ಲಿ 2024ರ ಜುಲೈಯಿಂದ ಕನಿಷ್ಠ ಕೂಲಿ ಗಂಟೆಗೆ 17 ಡಾಲರು 28 ಸೆಂಟು ಎಂದು ಗೊತ್ತಾಗಿತ್ತು. ಆದರೆ ಆ ಕಾನೂನು ಆಳಾಗಿ ದುಡಿಯುವವನಿಗೆ. ತನಗೆ ತಾನೇ ಯಜಮಾನನಾದವನಿಗಲ್ಲ. ತನ್ನನ್ನು ತಾನು ಎಷ್ಟು ಅಗ್ಗವಾಗಿ ಮಾರಿಕೊಂಡರೂ ಕೇಳುವ ಇನ್‌ಸ್ಪೆಕ್ಟರಿಲ್ಲ.

ಅವನೇನು ಮಾಡುತ್ತಾನೆ? ಇನ್ನೆರಡು ಮನೆ ಸೇರಿಸುತ್ತಾನೆ. ಊಟದ ಬಿಡುವನ್ನು ನುಂಗುತ್ತಾನೆ. ಅದೂ ಸಾಲದಿದ್ದರೆ ಸಹಾಯಕನಿಗೆ ಎಂಟು ಗಂಟೆಯ ಕೂಲಿ ಕೊಟ್ಟು ಹತ್ತು ಗಂಟೆ ದುಡಿಸುತ್ತಾನೆ. ಸಹಾಯಕನು ನಿನ್ನೆ ಮೊನ್ನೆ ಊರಿನಿಂದ ಬಂದವನು. ಕಾಗದಪತ್ರ ಸರಿಯಿಲ್ಲದಿದ್ದರೆ ಬಾಯಿ ಬಿಡಲಾರ. ಮನೆಯವನು ಉಳಿಸಿದ ಐದು ಡಾಲರು ಕೊನೆಗೆ ಬಂದದ್ದು ಈ ಹುಡುಗನ ಜೇಬಿನಿಂದ. ಮನೆಯವನಿಗೆ ಇದು ತಿಳಿಯದು. ಅವನು ಯಾರನ್ನೂ ಕೊಳ್ಳೆ ಹೊಡೆದವನಲ್ಲ, ಬೆಲೆ ವಿಚಾರಿಸಿದನು ಅಷ್ಟೆ. ಹರ್ನಾನ್ ರಮಿರೆಸ್, ಪಿಯೆರೆಟ್ ಹೊಂಡಾನ್ಯೂ-ಸೊಟೆಲೊ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಲಾಸ್ ಏಂಜಲೀಸ್‌ನ ಮೆಕ್ಸಿಕೋ ತೋಟಗಾರರನ್ನು ಕಂಡು ಮಾತನಾಡಿಸಿ, ಇವರು ಉದ್ಯಮಿಗಳೋ ಶೋಷಿತ ಕೆಲಸಗಾರರೋ ಎಂದು 2009ರಲ್ಲಿ ಒಂದು ಲೇಖನ ಬರೆದರು. ಎರಡೂ ಹೌದೆಂಬುದು ಅವರ ಅಧ್ಯಯನದ ಸಾರ. ಇಲ್ಲಿ ಒಂದೇ ಚಾಪೆಯ ಮೇಲೆ ಕುಳಿತಿರುವ ಕೆಲಸಗಾರರೂ ವ್ಯಾಪಾರಸ್ಥರೂ ಈ ಉತ್ತರವನ್ನು ಸ್ವಲ್ಪ ಯೋಚಿಸಬೇಕು.

ದೊಡ್ಡ ಗುತ್ತಿಗೆದಾರರ ರೀತಿಯೇ ಬೇರೆ. ಬೇಸಾಯವಲ್ಲದ ಋತುಮಾನದ ಕೆಲಸಕ್ಕೆ ಹೊರದೇಶದಿಂದ ಆಳುಗಳನ್ನು ತರಿಸಲು ಅಮೆರಿಕದ ಸರ್ಕಾರ ಎಚ್-2ಬಿ ಎಂಬ ಪರವಾನಗಿ ಕೊಡುತ್ತದೆ. ಕಾನೂನಿನ ಮಿತಿ ವರ್ಷಕ್ಕೆ 66,000. ಎಷ್ಟೋ ವರ್ಷಗಳಲ್ಲಿ ಅದರ ಮೇಲೆಯೂ ಕೊಟ್ಟಿದ್ದಾರೆ. ಈ ಪರವಾನಗಿಯಲ್ಲಿ ಬರುವವರಲ್ಲಿ ಹುಲ್ಲು, ಗಿಡದ ಕೆಲಸದವರೇ ಅತಿ ಹೆಚ್ಚು. ಪರವಾನಗಿ ಆ ಒಬ್ಬ ಧಣಿಗೆ ಅಂಟಿಕೊಂಡಿರುತ್ತದೆ. ಧಣಿಯ ಕೂಡ ಜಗಳವಾದರೆ ಕೆಲಸವಷ್ಟೇ ಅಲ್ಲ, ದೇಶವನ್ನೇ ಬಿಡಬೇಕಾಗಿ ಬರಬಹುದು. ಬಾಯಿಗೆ ಬೀಗ ಹಾಕಿದ ಕೂಲಿಗೂ ಸ್ವತಂತ್ರ ತೋಟಗಾರನಿಗೂ ನಡೆಯುವ ಪೈಪೋಟಿಯಲ್ಲಿ ಬೆಲೆ ಯಾವ ಕಡೆಗೆ ಜಾರುತ್ತದೆ ಎಂದು ಹೇಳಬೇಕಾಗಿಲ್ಲ.

ಇನ್ನು ಯಂತ್ರದ ಮಾತು. ಹುಲ್ಲು ಕತ್ತರಿಸಿದ ಮೇಲೆ ಚೂರುಗಳನ್ನೂ ಎಲೆಗಳನ್ನೂ ಗಾಳಿಯಿಂದ ಊದಿ ಒಟ್ಟುಮಾಡುವ ಪೆಟ್ರೋಲ್ ಯಂತ್ರವೊಂದಿದೆ. ಬೆನ್ನಿಗೆ ಕಟ್ಟಿಕೊಂಡು ಊದಬೇಕು. ಪೊರಕೆಯಲ್ಲಿ ಒಂದು ಗಂಟೆಯ ಕೆಲಸ ಇದರಲ್ಲಿ ಬೇಗ ಮುಗಿಯುತ್ತದೆ. ಆದರೆ ಕಿವಿ ಒಡೆಯುವ ಸದ್ದು, ಧೂಳು, ಹೊಗೆ. ಶ್ರೀಮಂತ ಬಡಾವಣೆಗಳ ಜನ, ಅವರಲ್ಲಿ ಕೆಲವರು ಸಿನಿಮಾ ನಟ ನಟಿಯರು, ಇದನ್ನು ನಿಲ್ಲಿಸಬೇಕೆಂದು ಚಳವಳಿ ಹೂಡಿದರು. ಮನೆಗಳಿಂದ 500 ಅಡಿಯೊಳಗೆ ಪೆಟ್ರೋಲಿನ ಊದುಯಂತ್ರ ಕೂಡದೆಂದು ಲಾಸ್ ಏಂಜಲೀಸ್ ನಗರಸಭೆ ಕಾನೂನು ಮಾಡಿ 1998ರ ಫೆಬ್ರವರಿಯಲ್ಲಿ ಜಾರಿಗೆ ತಂದಿತು. ಅದರ ಹಿಂದಿನ ತಿಂಗಳು, ಜನವರಿಯಲ್ಲಿ, ಲ್ಯಾಟಿನ್ ಅಮೆರಿಕದ ತೋಟಗಾರರು ಸಂಘ ಕಟ್ಟಿಕೊಂಡು ನಗರಸಭೆಯ ಕಟ್ಟಡದ ಮುಂದೆ ಉಪವಾಸ ಕುಳಿತರು. ಅವರ ವಾದವೇನು? ಯಂತ್ರ ಬಿಟ್ಟು ಪೊರಕೆ ಹಿಡಿದರೆ ದಿನಕ್ಕೆ ಮಾಡುವ ಮನೆಗಳು ಕಡಿಮೆಯಾಗುತ್ತವೆ. ಮನೆಯವನು ಮಾತ್ರ ಹಣ ಹೆಚ್ಚು ಕೊಡುವುದಿಲ್ಲ. ನಿಮ್ಮ ನೆಮ್ಮದಿಯ ಬೆಲೆಯನ್ನು ನಮ್ಮ ತಟ್ಟೆಯಿಂದ ತೆಗೆಯುತ್ತೀರಿ ಎಂಬುದೇ ಅದರ ತಾತ್ಪರ್ಯ. ಕಾನೂನು ಉಳಿಯಿತು, ಆದರೆ ಜಾರಿ ಸಡಿಲವಾಯಿತು.

ಸದ್ದು ಹೊಗೆಯ ದೂರು ಸುಳ್ಳೆಂದು ನಾವು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಲೆಕ್ಕದಂತೆ ಪೆಟ್ರೋಲಿನ ಹುಲ್ಲು ಯಂತ್ರವನ್ನು ಒಂದು ಗಂಟೆ ಓಡಿಸಿದರೆ, 2016ರ ಮಾದರಿಯ ಕಾರು ಸುಮಾರು 300 ಮೈಲಿ ಓಡಿದಷ್ಟು ಮಂಜುಹೊಗೆಯ ಮಾಲಿನ್ಯ. ಎಂದರೆ ಬೆಂಗಳೂರಿನಿಂದ ಬೆಳಗಾವಿಗೆ ಹೋದಷ್ಟು. ಊದುಯಂತ್ರವಾದರೆ ಸುಮಾರು 1,100 ಮೈಲಿ. ಆ ಹೊಗೆಯನ್ನು ಮೊದಲು ಕುಡಿಯುವವನು ಯಾರು? ಅದನ್ನು ಬೆನ್ನಿಗೆ ಕಟ್ಟಿಕೊಂಡವನೇ. ಆದ್ದರಿಂದ ಯಂತ್ರ ಬದಲಾಗುವುದು ಅವನಿಗೇ ಹಿತ. 2021ರಲ್ಲಿ ಆ ರಾಜ್ಯ, ಇಂಥ ಹೊಸ ಪೆಟ್ರೋಲ್ ಯಂತ್ರಗಳ ಮಾರಾಟವನ್ನು 2024ರಿಂದ ನಿಲ್ಲಿಸುವ ದಾರಿ ಹಿಡಿಯಿತು. ಹಳೆಯವನ್ನು ಬಳಸಬಹುದು, ಹೊಸದಾಗಿ ಕೊಳ್ಳುವುದಾದರೆ ಬ್ಯಾಟರಿಯದು. ಸಣ್ಣ ತೋಟಗಾರರ ನೆರವಿಗೆಂದು 3 ಕೋಟಿ ಡಾಲರು ತೆಗೆದಿಟ್ಟರು. ದಿನವಿಡೀ ದುಡಿಯುವವನಿಗೆ ಒಂದು ಬ್ಯಾಟರಿ ಸಾಲದು, ಹಲವು ಬೇಕು. ಈ ಹಣ ಎಲ್ಲಿಗೆ ಸಾಕು ಎಂದು ಕಸುಬಿನವರು ಕೇಳಿದರು. 1812ರ ಯಾರ್ಕ್‌ಷೈರಿನವರಿಗೆ ಯಾರೂ ಏನೂ ಕೊಡಲಿಲ್ಲ. ಇವರಿಗೆ ಅಷ್ಟಾದರೂ ಕೊಟ್ಟರು. 1998ರ ಉಪವಾಸದಿಂದ ಕಲಿತ ಪಾಠವೂ ಅದರಲ್ಲಿ ಇದ್ದೀತು.

ನೀರಿನ ಕಥೆಯೂ ಹೀಗೆಯೇ. ಬರ ಬಂದಾಗ, 2014-15ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ನೀರಿನ ಸಂಸ್ಥೆ ಹುಲ್ಲು ಕಿತ್ತುಹಾಕಿದ ಮನೆಯವರಿಗೆ ಚದರಡಿಗೆ 2 ಡಾಲರಿನಂತೆ ಕೊಟ್ಟಿತು. ನೀರು ಉಳಿಸುವುದು ಒಳ್ಳೆಯದೇ. ಆದರೆ ಹಣ ಸಂದದ್ದು ನೆಲದ ಒಡೆಯನಿಗೆ. ಆ ಹುಲ್ಲನ್ನು ವರ್ಷಗಟ್ಟಲೆ ಕತ್ತರಿಸಿ ಹೊಟ್ಟೆ ಹೊರೆಯುತ್ತಿದ್ದವನಿಗೆ ಒಂದು ಮನೆ ಕೈಬಿಟ್ಟಿತು, ಅಷ್ಟೆ.

ಈ ವಿಷಯ ನಮಗೆ ತೀರ ದೂರದ್ದೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರೂ ತಿಂಗಳು ತಿಂಗಳು ತೋಟಗಾರನಿಗೆ ಹಣ ಕೊಡುತ್ತಾರೆ. ಬೆಂಗಳೂರಿನ ದೊಡ್ಡ ದೊಡ್ಡ ವಸತಿ ಕಟ್ಟಡಗಳ ನಡುವೆಯೂ ಹುಲ್ಲುಹಾಸು ಬಂದಿದೆ. ಅಲ್ಲಿ ಮಾಲಿ ಗುತ್ತಿಗೆದಾರನ ಆಳು. ಮನೆಯವರು ಗುತ್ತಿಗೆದಾರನಿಗೆ ಕೊಡುವುದೆಷ್ಟು, ಗುತ್ತಿಗೆದಾರ ಮಾಲಿಗೆ ಕೊಡುವುದೆಷ್ಟು ಎಂಬ ಎರಡು ಅಂಕಿಗಳನ್ನು ಒಂದೇ ಕಾಗದದ ಮೇಲೆ ಬರೆದು ನೋಡಿದವರು ಎಷ್ಟು ಜನ?

ಸ್ನೇಹಿತರೇ, ಈ ಮಾತುಗಳಿಂದ ನಾವು ಕೇಳುವುದು ಇಷ್ಟೆ. ಯಾವ ಕೆಲಸದ್ದಾದರೂ ಬೆಲೆ ಕೇಳಿದಾಗ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮಾತ್ರ ನೋಡಬೇಡಿ. ಅದರಲ್ಲಿ ಕೈಯಿಂದ ದುಡಿದವನ ಪಾಲೆಷ್ಟು? ಬೆಲೆ ಇಳಿದರೆ ಯಾರ ಪಾಲು ಮೊದಲು ಇಳಿಯುತ್ತದೆ? ಹೊಸ ಯಂತ್ರ ಬಂದರೆ, ಹೊಸ ಕಾನೂನು ಬಂದರೆ ಅದರ ಖರ್ಚನ್ನು ಹೊರುವವರು ಯಾರು? ಈ ಮೂರು ಪ್ರಶ್ನೆ ಕೇಳಿ. ಒಂದೇ ಕಸುಬಿನವರು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಐದು ರೂಪಾಯಿ ಇಳಿಸಿ ಕಸಿದುಕೊಂಡರೆ ಆ ಐದು ರೂಪಾಯಿ ಇಬ್ಬರ ಮನೆಯಿಂದಲೂ ಹೋಗುತ್ತದೆ. ಇದಕ್ಕಿಂತ ಕೂಡಿ ಕುಳಿತು, ಇದಕ್ಕಿಂತ ಕಡಿಮೆಗೆ ಯಾರೂ ಒಪ್ಪಕೂಡದೆಂದು ದರ ಗೊತ್ತುಮಾಡಿಕೊಳ್ಳುವುದು, ಬೆಲೆಬಾಳುವ ಸಲಕರಣೆಯನ್ನು ಸಹಕಾರದಿಂದ ಕೊಳ್ಳುವುದು ಮೇಲು. ಶಿಬಿರದಿಂದ ಬರಿಗೈಯಲ್ಲಿ ಹಿಂತಿರುಗಿದ ಜಪಾನೀ ತೋಟಗಾರರು 1955ರಲ್ಲಿ ಕೂಡಿ ಒಕ್ಕೂಟ ಕಟ್ಟಿದರು. ಅವರಲ್ಲಿ ಯಾರೂ ನಮಗಿಂತ ಹೆಚ್ಚು ಅನುಕೂಲಸ್ಥರಾಗಿರಲಿಲ್ಲ.

ಈ ವಾರ ನಮ್ಮ ಊರಿನಲ್ಲಿ ಕೈಗಾಡಿಯವರು, ಹಮಾಲರು, ಮನೆಗೆ ಬಣ್ಣ ಬಳಿಯುವವರು, ತೋಟದ ಕೆಲಸದವರು ಯಾವ ದರಕ್ಕೆ ದುಡಿಯುತ್ತಿದ್ದಾರೆಂದು ಒಂದು ಪಟ್ಟಿ ಮಾಡಲು ಆರಂಭಿಸೋಣ. ಗಿರಾಕಿ ಕೊಟ್ಟದ್ದೆಷ್ಟು, ಕೈಗೆ ಬಂದದ್ದೆಷ್ಟು ಎಂದು ಎರಡು ಕಾಲಂ ಸಾಕು. ಬರೆಯಲು ಬರುವ ನಾಲ್ಕು ಹುಡುಗರು ಮುಂದೆ ಬಂದರೆ ಮುಂದಿನ ಸಭೆಗೆ ಆ ಪಟ್ಟಿಯನ್ನೇ ಇಟ್ಟುಕೊಂಡು ಮಾತನಾಡಬಹುದು.